ಸೋರುತ್ತಿದೆ, ಒಡೆಸಲೇಬೇಕಾ?

ಪ್ರಶ್ನೆ: ನಮ್ಮದು ಮೂವತ್ತು ವರ್ಷದ ಆರ್‌ಸಿಸಿ ಮನೆ. ಎರಡು ಮಳೆಗಾಲದಿಂದ ಮಲಗುವ ಕೋಣೆಯ ಸೀಲಿಂಗ್‌ನಲ್ಲಿ ಒದ್ದೆ ಕಲೆ ಕಾಣುತ್ತಿದೆ. ಈ ಸಲ ಅಂಗೈಯಗಲ ಗಿಲಾವು ಕೂಡ ಉದುರಿತು. ಒಬ್ಬ ಕಂಟ್ರಾಕ್ಟರ್ ವಾಟರ್‌ಪ್ರೂಫಿಂಗ್ ಸಾಕು ಅಂತಾರೆ. ಇನ್ನೊಬ್ಬರು ಮೋಲ್ಡ್ (ಕಾಂಕ್ರೀಟ್ ಚಾವಣಿ) ಒಡೆದು ಹೊಸದು ಹಾಕಬೇಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರಲ್ಲಿ ಯಾರಾದರೂ ಏಣಿ ಹತ್ತಿ ಕಂಬಿ ನೋಡಿದರಾ? ನೋಡದಿದ್ದರೆ ಇಬ್ಬರ ಮಾತೂ ಸದ್ಯಕ್ಕೆ ಬೇಡ. ಒದ್ದೆ ಕಲೆಯಿಂದ ಗೊತ್ತಾಗುವುದು ಇಷ್ಟೇ: ನೀರು ಎಲ್ಲಿಂದಲೋ ಒಳಗೆ ಬಂದಿದೆ. ಮೋಲ್ಡ್ ಗಟ್ಟಿ ಇದೆಯಾ ಎಂಬುದು ಒಳಗಿನ ಕಬ್ಬಿಣ ನೋಡಿದರೆ ಮಾತ್ರ ತಿಳಿಯುತ್ತದೆ.

ಗಿಲಾವು ಉದುರಿದ ಜಾಗಕ್ಕೆ ಟಾರ್ಚ್ ಬಿಡಿ. ಬೂದು ಬಣ್ಣದ ಗಟ್ಟಿ ಕಾಂಕ್ರೀಟ್ ಕಂಡರೆ ಅಲ್ಲಿ ಬಿದ್ದದ್ದು ಬರೀ ಗಿಲಾವು. ನೇರವಾದ ಕಂದು ಗೆರೆ ಕಂಡರೆ ಕಂಬಿಗೆ ತುಕ್ಕು ಶುರುವಾಗಿದೆ ಅಂತ ಅರ್ಥ. ತುಕ್ಕಿಗೆ ಮೊದಲಿನ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಕಂಬಿಯ ಅಡಿಯಲ್ಲಿರುವ ಕಾಂಕ್ರೀಟ್ ಸಾಮಾನ್ಯವಾಗಿ 15-20 ಮಿ.ಮೀ. ದಪ್ಪ ಇರುತ್ತದೆ, ಅಷ್ಟೇ. ಊದಿದ ಕಂಬಿ ಅದನ್ನು ಸೀಳಿ ಕೆಳಗೆ ತಳ್ಳುತ್ತದೆ.

ಇನ್ನು ಸಣ್ಣ ಸುತ್ತಿಗೆಯಿಂದ ಇಡೀ ಸೀಲಿಂಗನ್ನು ಅಡಿಗೊಂದು ಕಡೆ ಮೆಲ್ಲಗೆ ತಟ್ಟಿ. ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್ ಇರಲಿ. ಬೈಕಿನದ್ದಾದರೂ ಪರವಾಗಿಲ್ಲ, ಮನೆಯವರು ನಕ್ಕರೆ ನಗಲಿ. ‘ಟಣ್’ ಅಂದರೆ ಗಟ್ಟಿ. ‘ಡಬ್’ ಅಂದರೆ ಒಳಗೆ ಪೊಳ್ಳು. ಪೊಳ್ಳು ಕಡೆಗೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಾ ಹೋಗಿ.

ಸುತ್ತುಗಳು ಒಂದೆರಡು ಕಡೆ ಮಾತ್ರ ಇದ್ದು, ಕಂಬಿ ಸವೆದಿರದಿದ್ದರೆ ರಿಪೇರಿ ಸಾಕು. ಪೊಳ್ಳು ಭಾಗ ಕೆತ್ತಿ, ಕಂಬಿಯ ಹಿಂಭಾಗವನ್ನೂ ಬಿಡಿಸಿ, ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿ ತೆಗೆಯಬೇಕು. ಆಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ. ತುಕ್ಕಿನ ಮೇಲೇ ಸಿಮೆಂಟ್ ಬಳಿದು ಬಣ್ಣ ಹೊಡೆಯಲು ಹೊರಟ ಮೇಸ್ತ್ರಿಗೆ ಟೀ ಕೊಟ್ಟು ಕಳಿಸಿಬಿಡಿ.

ಅರ್ಧ ಕೋಣೆ ಸುತ್ತುಗಳೇ ಆದರೆ, ಕಂಬಿ ಪದರ ಪದರವಾಗಿ ಕಳಚಿ ಸಣ್ಣಗಾಗಿದ್ದರೆ, ಗೋಡೆಯಿಂದ ಗೋಡೆಗೆ ದಾರ ಎಳೆದು ಕಟ್ಟಿದಾಗ ಮೋಲ್ಡ್ ನಡುವೆ ಜಗ್ಗಿದ್ದು ಕಂಡರೆ, ಹಾಸಿಗೆ ಬೇರೆ ಕೋಣೆಗೆ ಸಾಗಿಸಿ. ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ. ಒಡೆಯಬೇಕಾ ಬೇಡವಾ ಅವರು ಹೇಳಲಿ. ಒಡೆಯುವ ಕೆಲಸ ಸಿಕ್ಕರೆ ದುಡ್ಡು ಸಿಗುವವರು ಹೇಳುವುದು ಬೇಡ, ಅಲ್ವಾ?

ರಿಪೇರಿ ಸಾಕು ಎಂದಾದರೂ ಮೊದಲು ನೀರಿನ ದಾರಿ ಮುಚ್ಚಬೇಕು. ಅದು ಕಲೆಯ ನೆತ್ತಿಯ ಮೇಲೇ ಇರಬೇಕು ಅಂತೇನಿಲ್ಲ. ಮಳೆನೀರಿನ ಪೈಪಿನ ಬಾಯಿ, ಪ್ಯಾರಪೆಟ್ ಗೋಡೆ ಮೋಲ್ಡ್‌ಗೆ ಸೇರುವ ಮೂಲೆ, ಟ್ಯಾಂಕ್‌ನ ಬುಡ, ಈ ಮೂರನ್ನು ಮೊದಲು ನೋಡಿ. ಮಳೆ ಇಲ್ಲದ ತಿಂಗಳಲ್ಲೂ ಕಲೆ ಹಸಿಯಾಗಿದ್ದರೆ ಟ್ಯಾಂಕ್ ಅಥವಾ ಪೈಪಿನ ಮೇಲೇ ನನ್ನ ಅನುಮಾನ.

ಒಂದು ಕೆಲಸ ಮಾತ್ರ ಬೇಡವೇ ಬೇಡ. ಸೋರುತ್ತದೆ ಅಂತ ತಾರಸಿ ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಸುರಿಸುವುದು. 5 ಸೆಂ.ಮೀ. ದಪ್ಪ ಹಾಕಿದರೂ ಪ್ರತಿ ಚದರ ಮೀಟರಿಗೆ ಸುಮಾರು 120 ಕಿಲೋ ಭಾರ. ತುಕ್ಕು ತಿಂದ ಕಂಬಿ ಅದನ್ನೂ ಹೊರಬೇಕು. ಬಿರುಕು ಕಾಣದಂತಾಗುತ್ತದೆ, ಭಾರ ಮಾತ್ರ ಜಾಸ್ತಿಯಾಗುತ್ತದೆ.

ಪ್ರಶ್ನೆ: ನಮ್ಮದು ಹೆಂಚಿನ ಮನೆ. ಪ್ರತಿ ವರ್ಷ ಒಡೆದ ಹೆಂಚು ಬದಲಿಸಿದರೂ ಅದೇ ಜಾಗದಲ್ಲಿ ಸೋರುತ್ತದೆ. ಎಲ್ಲ ತೆಗೆಸಿ ಶೀಟ್ ಹಾಕಿಸಲಾ?

ಉತ್ತರ: ಅದೇ ಜಾಗ ಅಂದರೆ ಹೆಂಚಿನ ಕೆಳಗಿನ ಮರ ನೋಡಿ. ಅಂಗಳದಲ್ಲಿ ದೂರ ನಿಂತು ಮಾಡಿನ ನೆತ್ತಿಯ ಸಾಲು ಗಮನಿಸಿ. ಎಲ್ಲಾದರೂ ತಗ್ಗಿದ್ದರೆ ಅದರಡಿಯ ಮರ ಬಾಗಿದೆ ಅಥವಾ ಗೆದ್ದಲು ತಿಂದಿದೆ. ಅಲ್ಲಿ ಹೆಂಚುಗಳ ಬಾಯಿ ತೆರೆದುಕೊಳ್ಳುತ್ತದೆ. ಎಷ್ಟು ಹೊಸ ಹೆಂಚು ಹಾಕಿದರೂ ಸುಮ್ನೆ. ಹೆಂಚು ತೆಗೆದು ಮರಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಲೀಸಾಗಿ ಒಳಗೆ ಇಳಿದರೆ ಆ ಮರ ಬದಲಿಸಿ. ಇಳಿಯದಿದ್ದರೆ ಹೆಂಚಿನ ಸಂದಿಯಲ್ಲಿ ಕೂತ ಎಲೆ, ಕಸ ತೆಗೆಸಿ ಒಂದು ಮಳೆ ಕಾಯಿರಿ. ಶೀಟಿನ ಲೆಕ್ಕ ಆಮೇಲೆ ಹಾಕೋಣ.