ಲೋಟ ಬೇರೆ ಇಡುವ ಅಳುಕು

ಪ್ರಶ್ನೆ: ಮಾನಸಿಕ ಕಾಯಿಲೆ ಅಂಟುವುದಿಲ್ಲ ಎಂದು ಊರಲ್ಲಿ ಸಭೆ ಮಾಡಿ ಹೇಳಿದ್ದೇವೆ. ಎಲ್ಲರೂ ಹೌದೆನ್ನುತ್ತಾರೆ. ಆದರೂ ಚಿಕಿತ್ಸೆ ಪಡೆದು ಬಂದವರಿಗೆ ಲೋಟ, ತಟ್ಟೆ ಬೇರೆ. ತಿಳಿದೂ ಹೀಗೇಕೆ?
– ಒಬ್ಬ ಆಶಾ ಕಾರ್ಯಕರ್ತೆ

ಉತ್ತರ: ನಿಮ್ಮ ಊರಿನವರು ಸುಳ್ಳು ಹೇಳುತ್ತಿಲ್ಲ. ಬಾಯಿ ಹೇಳುವ ನಂಬಿಕೆ ಒಂದು, ಕೈ ನಡೆಸುವುದು ಇನ್ನೊಂದು. ಎರಡನೆಯದನ್ನು ಹಿಡಿದಿಟ್ಟಿರುವುದು ಭಯ.

ಫ್ರಾನ್ಸಿನ ಎನೆ-ಲ-ಶಾತೊದಲ್ಲಿ ಮಾನಸಿಕ ರೋಗಿಗಳನ್ನು ಊರಿನ ಮನೆಗಳಲ್ಲೇ ಇರಿಸುವ ವ್ಯವಸ್ಥೆಯಿತ್ತು. ಅಲ್ಲಿ ಸಾಮಾಜಿಕ ಮನೋವಿಜ್ಞಾನಿ ದೆನೀಸ್ ಜೋದ್ಲೆ ನಡೆಸಿದ ಅಧ್ಯಯನ 1989ರಲ್ಲಿ ಪುಸ್ತಕವಾಯಿತು. ಹುಚ್ಚು ಅಂಟುವುದಿಲ್ಲ ಎಂದೇ ಮನೆಯವರು ಹೇಳುತ್ತಿದ್ದರು. ಆದರೆ ರೋಗಿಯ ತಟ್ಟೆಯನ್ನು ತಮ್ಮ ತಟ್ಟೆಗಳ ಜೊತೆ ತೊಳೆಯುತ್ತಿರಲಿಲ್ಲ, ಬಟ್ಟೆಯನ್ನೂ ಬೇರೆಯೇ ಒಗೆಯುತ್ತಿದ್ದರು. ಎಂಜಲು, ಬೆವರಿನಿಂದ ಏನೋ ದಾಟೀತೆಂಬ ಅಳುಕು. ಎಂಜಲು, ಮೈಲಿಗೆಯ ಲೆಕ್ಕ ಮೊದಲೇ ಇರುವ ನಮ್ಮಲ್ಲಿ ಈ ಅಳುಕು ಬೇಗ ಬೇರೂರುತ್ತದೆ.

ಜನ ಹಂಚಿಕೊಂಡ ನಂಬಿಕೆಗೆ ಒಂದು ತಿರುಳು, ಅದರ ಸುತ್ತ ಸಡಿಲವಾದ ಪದರ ಇರುತ್ತವೆ ಎಂದು ಫ್ರಾನ್ಸಿನ ಇನ್ನೊಬ್ಬ ಸಾಮಾಜಿಕ ಮನೋವಿಜ್ಞಾನಿ ಜ್ಯಾಂ-ಕ್ಲೋದ್ ಆಬ್ರಿಕ್ ವಿವರಿಸಿದರು. ನೀವು ಕೊಟ್ಟ ಮಾಹಿತಿ ಹೊರಪದರದಲ್ಲೇ ನಿಂತಿದೆ: 'ಅಂಟಲ್ಲ ಸರಿ, ಆದ್ರೂ ಮಕ್ಕಳಿರೋ ಮನೆ.' ತಿರುಳಿನಲ್ಲಿ ಏನಿದೆ ಎಂದು ಮೊದಲು ನೋಡಿ.

ಮೂವತ್ತು ಜನರನ್ನು ಒಬ್ಬೊಬ್ಬರಾಗಿ ಕೇಳಿ. ಸಭೆಯಲ್ಲಿ ಕೇಳಿದರೆ ನೀವು ಕಲಿಸಿದ ಉತ್ತರವೇ ವಾಪಸ್ ಬರುತ್ತದೆ. ಪ್ರಶ್ನೆ ಇದು: 'ಮಾನಸಿಕ ಕಾಯಿಲೆ ಅಂದ ಕೂಡಲೇ ನೆನಪಾಗುವ ಐದು ಮಾತು ಹೇಳಿ.' ಆಮೇಲೆ ಅವನ್ನು ಮುಖ್ಯವಾದದ್ದು ಮೊದಲು ಬರುವಂತೆ ಅವರೇ ಜೋಡಿಸಲಿ. ಹೆಚ್ಚು ಜನ ಹೇಳಿದ, ಮೊದಲ ಸ್ಥಾನಗಳಲ್ಲೇ ಬಂದ ಮಾತುಗಳು ತಿರುಳಿಗೆ ಹತ್ತಿರ. 'ಹುಚ್ಚು' ಎಂದು ಕೇಳಿದರೆ ಬೇರೆಯೇ ಮಾತು ಬರುತ್ತವೆ, ಎರಡನ್ನೂ ಬೆರೆಸಬೇಡಿ.

ಪ್ರತಿ ಮಾತಿನ ಪಕ್ಕ ಒಳ್ಳೆಯದು, ಕೆಟ್ಟದ್ದು ಎಂದಷ್ಟೇ ಗುರುತು ಹಾಕಿದರೆ ಸಾಲದು. ಎಡವುವುದು ಇಲ್ಲೇ. 'ಪಾಪ' ಮತ್ತು 'ಹೆದರಿಕೆ' ಎರಡಕ್ಕೂ ಕೆಟ್ಟದ್ದೆಂಬ ಗುರುತೇ ಬೀಳಬಹುದು. ಆದರೆ ಕನಿಕರ ಬಾಗಿಲಲ್ಲಿ ಊಟ ಕೊಡುತ್ತದೆ, ಹೆದರಿಕೆ ಬಾಗಿಲು ಹಾಕುತ್ತದೆ. ಭಾವನೆಯ ಹೆಸರನ್ನೇ ಬರೆಯಿರಿ.

ಕೊನೆಗೆ ಪರೀಕ್ಷೆ: 'ಯಾರಿಗೂ ತೊಂದರೆ ಕೊಡದವರನ್ನು ಮಾನಸಿಕ ರೋಗಿ ಅನ್ನಬಹುದಾ?' ಹೆಚ್ಚಿನವರು ಇಲ್ಲವೆಂದರೆ ತಿರುಳಲ್ಲಿ ಕೂತಿರುವುದು ಅಪಾಯದ ಭಯ. ಅದು ಕರಪತ್ರಕ್ಕೆ ಅಲುಗುವುದಿಲ್ಲ. ಸಂಘದ ಲೆಕ್ಕ ಬರೆಯುವುದೋ, ಅಂಗನವಾಡಿಯಲ್ಲಿ ಅಡುಗೆಗೆ ಕೈಜೋಡಿಸುವುದೋ, ಚಿಕಿತ್ಸೆ ಪಡೆದು ಬಂದವರೂ ಊರಿನವರೂ ಸಮಾನವಾಗಿ ಮತ್ತೆ ಮತ್ತೆ ಜೊತೆಯಾಗುವ ಕೆಲಸ ಬೇಕು. ಚಿಕಿತ್ಸೆ ಪಡೆದವರಿಗೆ ಒಪ್ಪಿಗೆಯಿದ್ದರೆ ಮಾತ್ರ.

ಮುಂದಿನ ಸಲ ಅಂಥವರ ಮನೆಗೆ ಹೋದಾಗ, ಅಕ್ಕಪಕ್ಕದವರಿರುವ ಹೊತ್ತಿನಲ್ಲೇ, ಅವರಿಗೆಂದು ಬೇರೆ ಇಟ್ಟ ಆ ಲೋಟದಲ್ಲೇ ಚಹಾ ಕೇಳಿ ಕುಡಿಯಿರಿ.