ನಿಮ್ಮ ಅಪ್ಪ ಬಸ್ಸಿಳಿದ ಆ ಎರಡು ಸಾಲು

ನಮಸ್ಕಾರ. ‘ನಾನು ಯಾಕೆ ಓಟು ಹಾಕಬೇಕು?’ ಅನ್ನೋ ನಿಮ್ಮ ಲೇಖನ ಬಂದು ಹತ್ತು ದಿನ ಆಯ್ತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕೊನೆಯವರೆಗೆ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಈ ಹತ್ತು ಪುಟದ ಒಳಗೆ ಒಂದು ಒಳ್ಳೆಯ ಬರಹ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಹೇಳುವುದು ಇಷ್ಟು. ಇರುವುದು ಎರಡೇ ಪಕ್ಷ, ಎರಡೂ ಒಂದೇ, ಯಾರು ಗೆದ್ದರೂ ಯಾದಗಿರಿ ಜನ ಗುಳೆ ಹೋಗುವುದು ನಿಲ್ಲಲಿಲ್ಲ, ಹಾಗಾಗಿ ಇನ್ನು ಮುಂದೆ ನೋಟಾ (‘ಯಾರೂ ಬೇಡ’ ಅನ್ನೋ ಬಟನ್), ಇಲ್ಲ ಮನೆಯಲ್ಲೇ ಇರುವುದು. ನಿಮ್ಮ ಬೇಸರದ ಬಗ್ಗೆ ನನ್ನ ತಕರಾರಿಲ್ಲ. ಕಲಬುರಗಿಯಲ್ಲಿ ಕೂತಿರುವ ನನಗೂ ಗೊತ್ತು, ರೈಲ್ವೆ ವಿಭಾಗ ಬಂತು ಬಂತು ಅನ್ನೋ ಮಾತನ್ನು ನಾವು ಎಷ್ಟು ಚುನಾವಣೆಯಿಂದ ಕೇಳುತ್ತಿದ್ದೇವೆ ಅಂತ. ಬೇಸರ ನಿಮ್ಮದೇ. ಆದರೆ ಅದನ್ನು ಹೇಳೋಕೆ ಮಾತನ್ನು ಎಲ್ಲಿಂದಲೋ ತಂದಿದ್ದೀರಿ.

ಮೊದಲ ಮೂರು ಪುಟ ಪೂರ್ತಿ ಅಮೆರಿಕ. ರಿಪಬ್ಲಿಕನ್ನರು, ಡೆಮಾಕ್ರಾಟರು, ಇಬ್ಬರಲ್ಲಿ ಕಡಿಮೆ ಕೆಟ್ಟವರು ಯಾರು ಅನ್ನೋ ಚರ್ಚೆ. ಅಲ್ಲಿ ಆ ಚರ್ಚೆಗೆ ಕಾರಣ ಇದೆ. ಹೆಚ್ಚಿನ ರಾಜ್ಯಗಳಲ್ಲಿ ಮುಂದೆ ಬಂದ ಅಭ್ಯರ್ಥಿಗೇ ಆ ರಾಜ್ಯದ ಎಲೆಕ್ಟರುಗಳೆಲ್ಲ, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳೆಲ್ಲ, ಹೋಗುತ್ತಾರೆ. ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತಿರುವ ರಾಜ್ಯದಲ್ಲಿ ಇರುವವರಿಗೆ ತಮ್ಮ ಓಟು ಸುಮ್ನೆ ಅನ್ನಿಸುವುದು ಸಹಜ. ಅದೇ ದೇಶದಲ್ಲಿ 2000ರಲ್ಲಿ ಫ್ಲಾರಿಡಾದ 537 ಓಟುಗಳು ಅಧ್ಯಕ್ಷರು ಯಾರು ಅಂತ ತೀರ್ಮಾನಿಸಿದವು. ಮೂರನೆಯವರಾಗಿ ನಿಂತಿದ್ದ ರಾಲ್ಫ್ ನೇಡರ್ ಅವರಿಗೆ ಅಲ್ಲಿ 97 ಸಾವಿರಕ್ಕೂ ಜಾಸ್ತಿ ಓಟು ಬಿದ್ದಿತ್ತು. ಇದನ್ನು ನೀವು ಬರೆದಿಲ್ಲ. ಬರೆದಿದ್ದರೂ ತೆಗೆಯಿರಿ ಅಂತಲೇ ಹೇಳುತ್ತಿದ್ದೆ. ಆ ಮೂರು ಪುಟ ನಿಮಗೆ ಬೇಡ.

ನಿಮ್ಮ ಜಿಲ್ಲೆಯಲ್ಲೇ ಗುರುಮಠಕಲ್ ಇದೆಯಲ್ವಾ? 1972ರಿಂದ 2004ರವರೆಗೆ ಎಂಟು ಸಲ ಕಾಂಗ್ರೆಸ್ಸಿನ ಮಲ್ಲಿಕಾರ್ಜುನ ಖರ್ಗೆ ಅವರನ್ನೇ ಆರಿಸಿದ ವಿಧಾನಸಭಾ ಕ್ಷೇತ್ರ ಅದು. 2018ರಲ್ಲಿ ಜೆಡಿಎಸ್ ಗೆದ್ದಿತು, 2023ರಲ್ಲೂ ಅದೇ ಗೆದ್ದಿತು. ‘ಎರಡೇ ಪಕ್ಷ’ ಅಂತ ಬರೆಯುವಾಗ ಪಕ್ಕದ ಊರನ್ನು ಹೇಗೆ ಬಿಟ್ಟಿರಿ? ಆ ಎರಡು ಸಲ ಜೆಡಿಎಸ್‌ನಿಂದ ಗೆದ್ದದ್ದು ಮೊದಲು ತಂದೆ, ಆಮೇಲೆ ಮಗ. ಅದರ ಬಗ್ಗೆ ಸಿಟ್ಟಿದ್ದರೆ ಅದನ್ನೂ ಬರೆಯಿರಿ. ಕಲಬುರಗಿಯಲ್ಲಿ ‘ಸೋಲಿಲ್ಲದ ಸರದಾರ’ ಅನ್ನಿಸಿಕೊಂಡಿದ್ದ ಖರ್ಗೆ ಅವರು 2019ರ ಲೋಕಸಭೆ ಚುನಾವಣೆಯಲ್ಲಿ 95 ಸಾವಿರಕ್ಕೂ ಹೆಚ್ಚು ಓಟಿನಿಂದ ಸೋತರು, 2024ರಲ್ಲಿ ಅದೇ ಜನ ಕಾಂಗ್ರೆಸ್ಸಿಗೆ ಕ್ಷೇತ್ರ ವಾಪಸ್ ಕೊಟ್ಟರು. ಇದರಿಂದ ನಮ್ಮ ಮನೆಗೆ ಏನು ಬಂತು ಅಂತ ಕೇಳಿ, ಕೇಳಲೇಬೇಕು. ಆದರೆ ಓಟಿನಿಂದ ಏನೂ ಅಲುಗಾಡುವುದಿಲ್ಲ ಅಂತ ಈ ಭಾಗದವರು ಬರೆದರೆ ಓದುಗರು ನಂಬುವುದಿಲ್ಲ.

2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಒಬ್ಬರು ಒಂದೇ ಓಟಿನಿಂದ ಗೆದ್ದ ಕಥೆಯನ್ನು ನೀವೇ ತಂದು, ಅದು ಅಪರೂಪ ಅಂತ ನೀವೇ ತಳ್ಳಿಹಾಕಿದ್ದೀರಿ. ಬಿಡಿ, ಅದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಕಲಬುರಗಿ ಜಿಲ್ಲೆಯ ಆಳಂದ ನೋಡಿ. 2018ರಲ್ಲಿ ಅಲ್ಲಿ ಗೆಲುವಿನ ಅಂತರ 697. ಮುಂದಿನ ಚುನಾವಣೆ ಹತ್ತಿರ ಬಂದಾಗ, ಅದೇ ಆಳಂದದಲ್ಲಿ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಅಂತ ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಪರಿಶೀಲನೆ ಮಾಡಿದಾಗ ಸರಿ ಇದ್ದದ್ದು ಬರೀ 24. ಉಳಿದ 5,994 ತಪ್ಪು. ತಮ್ಮ ಹೆಸರಲ್ಲಿ ಇಂಥ ಅರ್ಜಿ ಹೋಗಿದೆ ಅನ್ನೋದೇ ಗೊತ್ತಿಲ್ಲದವರೂ ಇದ್ದರು. ಪೊಲೀಸ್ ಕೇಸಾಯಿತು. ಯಾರು ಮಾಡಿದರು ಅನ್ನೋದಕ್ಕೆ ಪಕ್ಷಗಳು ಜಗಳ ಆಡಲಿ, ನಾನು ನಿಮ್ಮನ್ನು ಕೇಳುವುದು ಬೇರೆ. ಕೈಲಾಗದ ಜನರ, ಕೆಲಸಕ್ಕೆ ಬಾರದ ಓಟನ್ನು ಅಳಿಸೋಕೆ ಯಾರಾದರೂ ಕೂತು ಆರು ಸಾವಿರ ಅರ್ಜಿ ತುಂಬುತ್ತಾರಾ? ಇದಕ್ಕೆ ನಿಮ್ಮ ಲೇಖನ ಉತ್ತರ ಕೊಡಬೇಕು. ಕೊಟ್ಟ ಮೇಲೂ ‘ಓಟು ದಂಡ’ ಅನ್ನೋದೇ ನಿಮ್ಮ ತೀರ್ಮಾನ ಆದರೆ ನಾನು ಅದನ್ನು ಗೌರವಿಸುತ್ತೇನೆ.

ನೋಟಾ ಬಗ್ಗೆ ಬರೆದದ್ದರಲ್ಲಿ ಒಂದು ತಪ್ಪಿದೆ, ಸರಿ ಮಾಡಿ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನೋಟಾಗೆ ಎಷ್ಟೇ ಓಟು ಬಿದ್ದರೂ ಮರುಚುನಾವಣೆ ಆಗುವುದಿಲ್ಲ. 2024ರಲ್ಲಿ ಇಂದೋರ್‌ನಲ್ಲಿ 2 ಲಕ್ಷ 18 ಸಾವಿರಕ್ಕೂ ಹೆಚ್ಚು ಜನ ನೋಟಾ ಒತ್ತಿದರು. ಅಲ್ಲಿ ಗೆದ್ದವರು ಗೆದ್ದೇ ಗೆದ್ದರು.

ಏಳನೇ ಪುಟದಲ್ಲಿ ನಾನು ಓದುವುದನ್ನು ನಿಲ್ಲಿಸಿ ಕೂತೆ. ತಂಗಿಗೆ 371(ಜೆ) ಸರ್ಟಿಫಿಕೇಟ್ ಮೇಲೆ ಕಲಬುರಗಿಯಲ್ಲಿ ಸೀಟು ಸಿಕ್ಕಿತು ಅಂತ ಅರ್ಧ ಸಾಲು ಬರೆದಿದ್ದೀರಿ. ಮರು ಸಾಲಿನಲ್ಲೇ ‘ಇಷ್ಟು ವರ್ಷ ಓಟು ಹಾಕಿ ನಮಗೆ ಸಿಕ್ಕಿದ್ದೇನು’ ಅಂತ ಕೇಳುತ್ತೀರಿ. ಆ ಸರ್ಟಿಫಿಕೇಟ್ ಎಲ್ಲಿಂದ ಬಂತು? ನಮ್ಮ ಭಾಗದವರಿಗೆ ಓದಿನಲ್ಲಿ, ಕೆಲಸದಲ್ಲಿ ಮೀಸಲಾತಿ ಕೊಡೋಕೆ 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಸಂವಿಧಾನ ತಿದ್ದುಪಡಿ ಅದು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಟ ಮಾಡಿದ್ದು, ದಿಲ್ಲಿ ಒಮ್ಮೆ ಆಗಲ್ಲ ಅಂದದ್ದು, ಆಮೇಲೆ ಇಲ್ಲಿಂದ ಗೆದ್ದು ಹೋದವರು ಅಲ್ಲಿ ಪಟ್ಟು ಹಿಡಿದದ್ದು, ಎಲ್ಲ ಸೇರಿ ಬಂದದ್ದು. ಬರೀ ಓಟಿನಿಂದ ಬಂತು ಅಂದರೆ ಹೋರಾಟ ಮಾಡಿದವರಿಗೆ ಅನ್ಯಾಯ. ಓಟಿಲ್ಲದೆಯೂ ಬರುತ್ತಿತ್ತು ಅಂದರೆ ನಾನು ಒಪ್ಪುವುದಿಲ್ಲ. ಮೀಸಲಿಟ್ಟ ಹುದ್ದೆಗಳು ತುಂಬದೆ ಖಾಲಿ ಬಿದ್ದಿರುವ ಸಂಕಟವೂ ಇಲ್ಲೇ ಬರಲಿ. ಈ ಅರ್ಧ ಸಾಲು ಎರಡು ಪುಟ ಆಗಬೇಕು.

ಇನ್ನೊಂದು ಮಾತು. ‘ಯಾರು ಬಂದರೂ ರಾಗಿ ಬೀಸೋದು ತಪ್ಪಲ್ಲ’ ಅಂತ ನಿಮ್ಮ ಅಪ್ಪ ಹೇಳಿದರು ಅಂತ ಬರೆದಿದ್ದೀರಿ. ಅವರು ನಿಜವಾಗಿ ಹೀಗೇ ಅಂದರಾ? ನಿಮ್ಮ ಶಹಾಪುರದ ಕಡೆ ಮನೆಯಲ್ಲಿ ರೊಟ್ಟಿ ಬಡಿಯುವುದು ಜೋಳದ್ದು. ‘ಯಾರ್ ಬಂದ್ರೂ ನಮ್ ಹಣೇಬರ ಅದೇ ಅದ’ ಅಂದಿದ್ದರೆ ಅದನ್ನೇ ಬರೆಯಿರಿ.

ಇನ್ನು ಆ ಎರಡು ಸಾಲು. ‘ಅಪ್ಪ ಬೆಂಗಳೂರಿಂದ ಪಕ್ಷದವರು ಕಳಿಸಿದ ಬಸ್ಸಿನಲ್ಲಿ ಬಂದರು. ಓಟು ಹಾಕಿ ರಾತ್ರಿಗೇ ವಾಪಸ್ ಹೋದರು.’ 2024ರ ಮೇ 7 ಅಲ್ವಾ ಅದು? ಆ ಬಿಸಿಲಲ್ಲಿ ನಾನೂ ಕಲಬುರಗಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬರು ಗಾರೆ ಕೆಲಸದವರು. ಉಗುರಿನ ಸಂದಿಯಲ್ಲಿ ಸಿಮೆಂಟು ಕೂತುಬಿಟ್ಟಿತ್ತು. ಶಾಯಿ ಹಚ್ಚುವ ಹುಡುಗಿ ಬೆರಳು ಒರೆಸಿಕೊಳ್ಳಿ ಅಂದಳು. ಅಂಗಿಗೆ ಎರಡು ಸಲ ತಿಕ್ಕಿದರು, ಹೋಗಲಿಲ್ಲ. ಆಕೆ ಸಿಮೆಂಟಿನ ಮೇಲೇ ಶಾಯಿ ಎಳೆದಳು. ಅವರು ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಆ ಬೆರಳನ್ನೇ ತುಂಬಾ ಹೊತ್ತು ನೋಡುತ್ತಿದ್ದರು. ಅವರ ತಲೆಯಲ್ಲಿ ಏನು ಓಡುತ್ತಿತ್ತು ಅಂತ ನಾನು ಕೇಳಲಿಲ್ಲ. ಅದು ಇವತ್ತಿಗೂ ಕಾಡುತ್ತದೆ.

ನೀವಾದರೆ ಕೇಳಬಹುದು, ಕೇಳೋಕೆ ನಿಮ್ಮ ಅಪ್ಪ ಇದ್ದಾರೆ. ಬಸ್ಸಿನಲ್ಲಿ ಎಷ್ಟು ಜನ ಇದ್ದರು? ಎಷ್ಟು ದಿನದ ಕೂಲಿ ಹೋಯ್ತು, ಅದನ್ನು ಯಾರಾದರೂ ಕೊಟ್ಟರಾ? ಬಸ್ ಕಳಿಸಿದವರಿಗೇ ಹಾಕಿದರಾ, ಇಲ್ಲ ಒಳಗೆ ಹೋಗಿ ಬೇರೆ ಬಟನ್ ಒತ್ತಿದರಾ? ಹೇಳಲ್ಲ ಅಂದರೆ ‘ಹೇಳಲಿಲ್ಲ’ ಅಂತ ಬರೆಯಿರಿ, ಅದು ಅವರ ಹಕ್ಕು. ಮತ್ತೆ ಚುನಾವಣೆ ಬಂದರೆ ಅಷ್ಟು ದೂರದಿಂದ ಬರುತ್ತಾರಾ, ಬಂದರೆ ಯಾಕೆ? ನೀವು ಬೇಡ ಅನ್ನುವ ಓಟಿಗೆ ಅವರು ಒಂದು ರಾತ್ರಿ ನಿದ್ದೆಗೆಟ್ಟು ಬಂದರು. ನಿಮ್ಮಿಬ್ಬರ ನಡುವೆ ಈ ಮಾತು ಒಂದು ಸಲವಾದರೂ ಬಂದಿದೆಯಾ?

ನಾಲ್ಕು ಪುಟ ಸಾಕು. ಅವಸರ ಇಲ್ಲ. ಓಟು ಹಾಕಲ್ಲ ಅಂತಲೇ ಮುಗಿಸಿದರೂ ಪ್ರಕಟಿಸುತ್ತೇನೆ. ಭಾನುವಾರ ಕೆಲಸಕ್ಕೆ ರಜೆ ಇದ್ದರೆ ಅಪ್ಪನಿಗೆ ಅವತ್ತೇ ಫೋನ್ ಮಾಡಿ, ಅವರು ಮಾತಾಡಿದ ಹಾಗೇ ಬರೆದುಕೊಳ್ಳಿ.