ಆಪರೇಷನ್ ಇಲ್ಲದೆ ಹಿಮ್ಮಡಿ ನೋವು ವಾಸಿಯಾಗುತ್ತದಾ?

ಅಮ್ಮನಿಗೆ 8 ತಿಂಗಳಿಂದ ಹಿಮ್ಮಡಿ ನೋವು, ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಅಂತ ಬಂದಿದೆ, ಆಪರೇಷನ್ ಬಿಟ್ಟು ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನನಗೆ ಪೂರಾ ಒಂದು ವರ್ಷ ಹಿಡಿಯಿತು.

ನಾನು ಹೊಸನಗರದ ಕಡೆಯವಳು. ತೋಟ, ಕೊಟ್ಟಿಗೆ, ಅಡುಗೆಮನೆ ಅಂತ ದಿನವಿಡೀ ಕಾಲ ಮೇಲೇ ಇರುವುದು. ಒಂದು ಮಳೆಗಾಲದಲ್ಲಿ ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟರೆ ಜೀವ ಹೋಗುವಷ್ಟು ನೋವು. ತೋಟದಲ್ಲಿ ಮುಳ್ಳು ಹೊಕ್ಕು ಮುರಿದಿರಬೇಕು ಅಂದುಕೊಂಡು ಅತ್ತಿಗೆಯಿಂದ ಪಿನ್ನು ಹಾಕಿ ಕೆದಕಿಸಿಯೂ ನೋಡಿದೆ. ಮುಳ್ಳಿರಲಿಲ್ಲ. ಹತ್ತು ಹೆಜ್ಜೆ ನಡೆದರೆ ಸ್ವಲ್ಪ ಸಡಿಲವಾಗುತ್ತಿತ್ತು, ಅಡಿಕೆ ಸುಲಿಯಲು ಕೂತು ಏಳುವಾಗ ಮತ್ತೆ ಗೋಡೆ ಹಿಡಿಯಬೇಕಿತ್ತು.

ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇದೆ, ಪ್ಲಾಂಟರ್ ಫೇಶಿಯಾ ಅನ್ನುತ್ತಾರೆ. ಇಂಥ ನೋವಿನಲ್ಲಿ ಸಾಮಾನ್ಯವಾಗಿ ಆ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲಿ ಜಗ್ಗಿ ಜಗ್ಗಿ ಹಾಳಾಗಿರುತ್ತದೆ. ಎಕ್ಸ್‌ರೇಯಲ್ಲಿ ಕಂಡ ಮೂಳೆಯ ಮೊನೆಗೆ ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಅದು ಇರುತ್ತದೆ.

ನನಗೆ ನಿಜವಾಗಿ ಹಿಡಿಸಿದ್ದು ಶಿವಮೊಗ್ಗದಲ್ಲಿ ಫಿಸಿಯೋ ಒಬ್ಬರು ಹೇಳಿಕೊಟ್ಟ ವ್ಯಾಯಾಮ. ಹಾಸಿಗೆ ಬಿಟ್ಟು ಏಳುವ ಮೊದಲೇ ನೋವಿರುವ ಕಾಲನ್ನು ಇನ್ನೊಂದು ತೊಡೆ ಮೇಲೆ ಹಾಕಿ, ಬೆರಳುಗಳನ್ನು ಕೈಯಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು, ಅಂಗಾಲು ತಂತಿ ಹಾಗೆ ಬಿಗಿಯಾಗಬೇಕು. 10 ಸೆಕೆಂಡ್ ಹಿಡಿದು ಬಿಡಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಮೊದಲ ಹೆಜ್ಜೆಗೆ ಮುಂಚೆ ಮಾಡುವುದೇ ಮುಖ್ಯ, ಒಂದು ದಿನವೂ ತಪ್ಪಿಸಬೇಡಿ. ಸ್ವಲ್ಪ ಹದಕ್ಕೆ ಬಂದ ಮೇಲೆ ಜಗಲಿ ಮೆಟ್ಟಿಲ ಅಂಚಿನಲ್ಲಿ, ಬೆರಳಡಿ ಸುತ್ತಿದ ಟವೆಲ್ ಇಟ್ಟುಕೊಂಡು, ಗೋಡೆ ಹಿಡಿದು, ಹಿಮ್ಮಡಿ ಎತ್ತುವುದು. ಮೇಲೇಳಲು 3 ಸೆಕೆಂಡ್, 2 ಸೆಕೆಂಡ್ ನಿಲ್ಲುವುದು, ಇಳಿಯಲು 3. ಇದು ದಿನ ಬಿಟ್ಟು ದಿನ ಸಾಕು. ನೋವು ತಡೆಯಲಾಗದಷ್ಟು ಜಾಸ್ತಿಯಾದರೆ ಕಡಿಮೆ ಮಾಡಿ. ಮೂರು ತಿಂಗಳು ಬಿಡದೆ ಮಾಡಿದ ಮೇಲೆ ಫರಕು ಗೊತ್ತಾಯಿತು.

ಇನ್ನೊಂದು ಚಪ್ಪಲಿ. ನಮ್ಮ ಕಡೆ ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ ಅಲ್ವಾ, ಅದರಲ್ಲೂ ಅಡುಗೆಮನೆಗೆ. ಆದರೆ ಈಗ ನೆಲವೆಲ್ಲ ಟೈಲ್ಸು, ಗ್ರಾನೈಟು. ಬರಿಗಾಲಲ್ಲಿ ಗಂಟೆಗಟ್ಟಲೆ ನಿಂತು ದೋಸೆ ಹೊಯ್ದರೆ ಬೆಳಿಗ್ಗೆ ಮಾಡಿದ ವ್ಯಾಯಾಮ ಅಲ್ಲಿಗೆ ಮುಗಿಯಿತು. ನಾನು ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರಿನ ಚಪ್ಪಲಿ ತಂದು, ಇದು ಹೊಸಿಲು ದಾಟುವುದಿಲ್ಲ, ಅಂಗಳಕ್ಕೂ ಹೋಗುವುದಿಲ್ಲ ಅಂತ ಅತ್ತೆಗೆ ತಿಳಿಸಿ ಹೇಳಿದೆ. ನಾನು ಬೆಳಿಗ್ಗೆ ಗೋಡೆ ಹಿಡಿದು ನಡೆಯುವುದನ್ನು ಅವರೂ ನೋಡಿದ್ದರು, ಒಪ್ಪಿದರು. ದೇವರ ಕೋಣೆಗೆ ಮಾತ್ರ ಬಿಚ್ಚಿ ಹೋಗುತ್ತೇನೆ. ನಿಮ್ಮ ಅಮ್ಮ ಬೇಡ ಅಂದರೂ ದಯವಿಟ್ಟು ಒಪ್ಪಿಸಿ. ತೋಟಕ್ಕೆ ಹಾಕುವ ಗಂಬೂಟಿನ ತಳ ತೆಳ್ಳಗೆ ಇರುತ್ತದೆ, ಅದರೊಳಗೂ ಹಿಮ್ಮಡಿಗೆ ಒಂದು ಸಿಲಿಕಾನ್ ಪ್ಯಾಡ್ ಇಡಿ.

ಇಂಜೆಕ್ಷನ್ ಬಗ್ಗೆ. ಇದಕ್ಕೆಲ್ಲ ಮುಂಚೆ ನಾನು ಎರಡು ಸಲ ಸ್ಟಿರಾಯ್ಡ್ ಚುಚ್ಚಿಸಿಕೊಂಡೆ. ಆರು ವಾರ ಸ್ವರ್ಗ, ಆಮೇಲೆ ಅದೇ ನೋವು. ಪದೇ ಪದೇ ಹಾಕಿಸಿದರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯಬಹುದು, ಆ ಪಟ್ಟಿಯೇ ಹರಿಯಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಹಾಕಿಸಲೇಬೇಡಿ ಅನ್ನುವುದಿಲ್ಲ, ಕೇಳಿ ಹಾಕಿಸಿ. ಆರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಬಗ್ಗದಿದ್ದರೆ ಶಾಕ್‌ವೇವ್ ಅಂತ ಒಂದು ಚಿಕಿತ್ಸೆ ಇದೆ, ಕರೆಂಟ್ ಶಾಕ್ ಅಲ್ಲ, ಹಿಮ್ಮಡಿಗೆ ಹೊರಗಿನಿಂದ ಶಬ್ದದ ಅಲೆ ಹಾಯಿಸುವುದು, ಸಾಮಾನ್ಯವಾಗಿ ವಾರಕ್ಕೊಂದರಂತೆ ಮೂರರಿಂದ ಐದು ಸಲ ಕೊಡುತ್ತಾರೆ. ನನಗೆ ಅದು ಬೇಕಾಗಲಿಲ್ಲ. ಐಸ್ ನೀರಿನ ಬಾಟಲಿ ಮೇಲೆ ಕಾಲು ಉರುಳಿಸಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ಅಷ್ಟೇ. ಸಕ್ಕರೆ ಕಾಯಿಲೆಯಿದ್ದು ಪಾದ ಜೋಮು ಹಿಡಿದಿದ್ದರೆ ಐಸು, ಬಿಸಿನೀರು ಎರಡೂ ಬೇಡ.

ಅಮ್ಮನಿಗೆ ರಾತ್ರಿ ಮಲಗಿದಾಗಲೂ ನೋವಿದೆಯಾ, ಊತ ಇದೆಯಾ, ಜೋಮು ಇದೆಯಾ, ಬಿದ್ದ ಮೇಲೆ ಶುರುವಾಯಿತಾ? ಇವುಗಳಲ್ಲಿ ಒಂದಿದ್ದರೂ ವ್ಯಾಯಾಮಕ್ಕಿಂತ ಮೊದಲು ಡಾಕ್ಟರಿಗೆ ತೋರಿಸಿ. ಬೆಳಗಿನ ಮೊದಲ ಹೆಜ್ಜೆಗೇ ನೋವು ಜಾಸ್ತಿ ಅನ್ನುವುದಾದರೆ ನಾಳೆಯಿಂದಲೇ ಶುರು ಮಾಡಿಸಿ. ಬೆರಳು ಎಳೆಯುವುದು ಸರಿಯಾಗಿ ಗೊತ್ತಾಗದಿದ್ದರೆ ಕೇಳಿ, ಇನ್ನೂ ಬಿಡಿಸಿ ಬರೆಯುತ್ತೇನೆ.